ಹೂಂಗಟ್ಟೆಗೆ ಆ ಹೆಸರು ಬಂದದ್ದು

ಕಾರೇಕಲ್ ದುರ್ಗದ ಊರಬಾಗಿಲಿನಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಹಳೆಯ ಗಾಡಿದಾರಿಯ ಎಡಕ್ಕೆ ಐದು ಅಂಕಣದ ಒಂದು ಕಲ್ಲುಛತ್ರ ಕಾಣಿಸುತ್ತದೆ. ಅದರ ಎದುರಿಗೆ, ಹುಣಸೆಮರದ ಬುಡದಲ್ಲಿ, ಮೊಣಕಾಲೆತ್ತರದ ಒಂದು ಕಟ್ಟೆಯಿದೆ. ಛತ್ರದ ನಿಜವಾದ ಹೆಸರು ಹೊನ್ನಾಂಬೆಯ ಛತ್ರ. ಆದರೆ ಆ ಹೆಸರು ಹೇಳಿ ವಿಚಾರಿಸಿದರೆ ಊರಿನಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ಹೂಂಗಟ್ಟೆ ಎಂದರೆ ಎಮ್ಮೆ ಹೊಡೆದುಕೊಂಡು ಹೋಗುವವರೂ ಕೈ ಮಾಡಿ ತೋರಿಸುತ್ತಾರೆ. ಹೂವಿನ ಕಟ್ಟೆ ಎಂಬುದೇ ಜನರ ಬಾಯಲ್ಲಿ ಸವೆದು ಹೂಂಗಟ್ಟೆಯಾಯಿತೆಂದು ಯಾರೋ ಪಂಡಿತರು ಬರೆದಿಟ್ಟಿದ್ದಾರಂತೆ. ಅವರು ಇಲ್ಲಿಗೆ ಬಂದವರಲ್ಲ. ಬಂದಿದ್ದರೆ, ಈ ಕಲ್ಲುಮಟ್ಟಿಯ ನೆಲದಲ್ಲಿ ಎಂದೂ ಯಾವ ಹೂವೂ ಬೆಳೆದಿಲ್ಲವೆಂಬುದು ಅವರ ಕಣ್ಣಿಗೂ ಬೀಳುತ್ತಿತ್ತು. ಹೆಸರು ಬಂದದ್ದು ಈ ಕಟ್ಟೆಯ ಮೇಲೆ ಕುಳಿತ ಐದು ಜನ ಗಣ್ಯರ ಬಾಯಿಂದ ಹೊರಟ ಒಂದೇ ಒಂದು ಉದ್ಗಾರದಿಂದ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ದುರ್ಗವನ್ನು ಚಿಕ್ಕರಂಗಪ್ಪ ನಾಯಕನೆಂಬುವನು ಆಳುತ್ತಿದ್ದನು. ಅವನ ಮುತ್ತಜ್ಜಿ ಹೊನ್ನಾಂಬೆ. ಕಣಿವೆ ಇಳಿದು ಬರುವ ಹೇರೆತ್ತಿನ ವ್ಯಾಪಾರಿಗಳಿಗೆ, ಬಿಸಿಲಿಗೆ ಬಿದ್ದ ದಾರಿಹೋಕರಿಗೆ, ಬಸುರಿ ಬಾಣಂತಿಯರಿಗೆ ನಡುವೆ ಎಲ್ಲಿಯೂ ತಂಗಲು ನೆರಳಿಲ್ಲವೆಂದು ಆಕೆ ಏಳು ಅಂಕಣದ ಈ ಛತ್ರವನ್ನು ಕಟ್ಟಿಸಿದಳು. ಅದರ ಪೋಷಣೆಗೆಂದು ಕೆರೆಯ ಕೆಳಗಿನ ಒಂದು ಗದ್ದೆಯನ್ನೂ ಬಿಟ್ಟಿದ್ದಳು. ಚಿಕ್ಕರಂಗಪ್ಪ ನಾಯಕನು ಪಟ್ಟಕ್ಕೆ ಬಂದ ವರುಷವೇ ಆ ಗದ್ದೆಯನ್ನು ಕಿತ್ತು ತನ್ನ ಕಾಳಗದ ಟಗರುಗಳನ್ನು ಸಾಕುವವನಿಗೆ ಕೊಟ್ಟನು. ಟಗರುಗಳು ಕೊಬ್ಬಿದವು, ಛತ್ರ ಸೊರಗಿತು. ಮಾಳಿಗೆಯ ಮೇಲೆ ಅರಳಿಯ ಸಸಿಗಳೆದ್ದವು. ಒಳಗೆ ಬಾವಲಿಗಳು ಸಂಸಾರ ಹೂಡಿದವು. ಪಡುವಣ ತುದಿಯ ಎರಡು ಅಂಕಣಗಳಲ್ಲಿ ಗೋಡೆ ಹೊಟ್ಟೆ ಬಿಟ್ಟು ಹೊರಕ್ಕೆ ಬಾಗಿತು. ಇಪ್ಪತ್ತು ವರುಷ ಅದರ ಕಡೆಗೆ ತಲೆಯೆತ್ತಿಯೂ ನೋಡದಿದ್ದ ನಾಯಕನಿಗೆ ಅದು ಒಂದು ದಿನ ಇದ್ದಕ್ಕಿದ್ದಂತೆ ಕಣ್ಣಿಗೆ ಚುಚ್ಚಿತು.

ಚುಚ್ಚುವಂತೆ ಮಾಡಿದವರು ಬೇವಿನಗುಡ್ಡದವರು. ನಾಯಕನ ಮಗನಿಗೆ ಅಲ್ಲಿಯ ಪಾಳೆಯಗಾರನ ಮಗಳನ್ನು ತರುವುದೆಂದು ಮಾತಾಗಿತ್ತು. ಲಗ್ನ ನಿಶ್ಚಯಕ್ಕೆ ಬಂದ ಆ ಕಡೆಯ ಹಿರಿಯನೊಬ್ಬನು ಛತ್ರವನ್ನು ನೋಡಿ, "ನಿಮ್ಮ ಮನೆತನದ ಸೊಬಗು ಇಲ್ಲಿಂದಲೇ ಶುರುವಾಗುತ್ತದೋ?" ಎಂದು ನಕ್ಕನಂತೆ. ಅಷ್ಟಕ್ಕೇ ನಾಯಕನಿಗೆ ಮೈಯೆಲ್ಲ ಉರಿದುಹೋಯಿತು. ಹಾಳುಗೆಡವಿದಾಗ ಆಗದಿದ್ದ ನಾಚಿಕೆ ಬೀಗರು ನಕ್ಕಾಗ ಆಯಿತು. ದಿಬ್ಬಣ ಬರುವುದರೊಳಗೆ ಅದನ್ನು ನೆಲಸಮ ಮಾಡಿ, ಆ ಜಾಗದಲ್ಲಿ ಬಣ್ಣಬಣ್ಣದ ಮರದ ಮಂಟಪ ನಿಲ್ಲಿಸಬೇಕೆಂದು ಅವನು ಪ್ರಧಾನಿ ಶೇಷಪ್ಪಯ್ಯನಿಗೆ ಹೇಳಿದನು. ಒಂದೇ ಒಂದು ತೊಡಕಿತ್ತು. ಈ ಛತ್ರವನ್ನು ಕೆಡವಿದವನ ವಂಶಕ್ಕೆ ನೀರು ಬಿಡುವವರು ಉಳಿಯದಿರಲಿ ಎಂದು ಹೊನ್ನಾಂಬೆ ಕಟ್ಟಿಸುವಾಗಲೇ ಆಣೆಯಿಟ್ಟಿದ್ದಳು. ಯುದ್ಧಕ್ಕೆ ಹೆದರಿದ್ದನೋ ಇಲ್ಲವೋ, ನಾಯಕನು ಸತ್ತ ಮುತ್ತಜ್ಜಿಗೆ ಮಾತ್ರ ಹೆದರುತ್ತಿದ್ದನು. ಪ್ರಧಾನಿ ಉಪಾಯ ಹೇಳಿದನು: ತಾನಾಗಿ ಬೀಳುತ್ತಿರುವುದನ್ನು ಇಳಿಸಿದರೆ ಅದು ಕೆಡವಿದಂತಾಗದು, ಬೀಳುತ್ತಿದೆಯೆಂದು ಊರಿನ ಐದು ಜನ ದೊಡ್ಡವರು ಒಪ್ಪಿದರೆ ಆಣೆ ನಾಯಕನ ತಲೆಗೆ ಸುತ್ತಿಕೊಳ್ಳದು. ಐದು ತಲೆಗೆ ಹಂಚಿದರೆ ಪಾಪ ತೆಳುವಾಗುತ್ತದೆಂಬುದು ಆ ಮೇಧಾವಿಯ ಲೆಕ್ಕಾಚಾರ.

ಹೀಗೆ ಐವರು ಆರಿಸಿ ಬಂದರು. ಊರ ಶೆಟ್ಟಿ, ಪಟೇಲ, ಪುರೋಹಿತ, ಕೋಟೆಯ ಬುರುಜಿನ ದಳವಾಯಿ, ಮತ್ತು ಅರಮನೆಯ ಓಲೆ ಬರೆಯುವ ತಿಮ್ಮರಸಯ್ಯ. ಈ ತಿಮ್ಮರಸಯ್ಯ ನನ್ನ ಪೂರ್ವಿಕನೆಂದು ಇಲ್ಲಿಯೇ ಹೇಳಿಬಿಡುವುದು ಮೇಲು. ಬೇರೆಯವರನ್ನು ಆಡಿಕೊಂಡು ಸ್ವಂತದವನನ್ನು ಮುಚ್ಚಿಟ್ಟೆನೆಂಬ ಮಾತು ಬರಬಾರದು. ಛತ್ರವನ್ನು ಪರೀಕ್ಷಿಸಲು ಬಂದ ಈ ಐವರೂ ಛತ್ರದೊಳಕ್ಕೆ ಕಾಲಿಡಲಿಲ್ಲ. ಬಾವಲಿಯ ಹಿಕ್ಕೆ ಮಡಿಗೆ ತಾಗುತ್ತದೆಂದು ಪುರೋಹಿತ ಹೊರಗುಳಿದನು, ಮಿಕ್ಕವರಿಗೆ ಅಷ್ಟು ನೆಪ ಸಾಕಾಯಿತು. ಎದುರಿನ ಹುಣಸೆಕಟ್ಟೆಯ ಮೇಲೆ ಜಮಖಾನ ಹಾಸಿಸಿ ಸಾಲಾಗಿ ಕುಳಿತು, ಎಲೆಯಡಿಕೆ ಹಾಕಿಕೊಂಡು, ಅಲ್ಲಿಂದಲೇ ಕಟ್ಟಡದ ಆಯುಸ್ಸು ಅಳೆದರು. ಅದರ ಒಳಗೆ ನಿಜವಾಗಿ ಹೋಗಿ ಬಂದವನು ಒಬ್ಬನೇ. ಅವನು ಗಾರೆಕೆಲಸದ ಸಣ್ಣೀರಪ್ಪ. ಇಂಥ ತೀರ್ಮಾನಕ್ಕೆ ಕೈಕಸುಬಿನವನೊಬ್ಬನ ಮಾತನ್ನೂ ಕೇಳಬೇಕೆಂಬ ಪದ್ಧತಿಯಿದ್ದುದರಿಂದ ಅವನನ್ನು ಕರೆಸಿದ್ದರು. ಅವನು ಮೂರು ದಿನ ಮಾಳಿಗೆ ಹತ್ತಿ ಇಳಿದು, ಕಂಬಕಂಬಕ್ಕೂ ತೂಗುಗುಂಡು ಬಿಟ್ಟು, ಕಲ್ಲಿನ ಸಂದುಗಳಲ್ಲಿ ಉಳಿ ಆಡಿಸಿ ನೋಡಿದ್ದನು. ಮೈಯೆಲ್ಲ ಹಿಕ್ಕೆಯ ವಾಸನೆಯಿಂದಲೇ ಬಂದು ಕಟ್ಟೆಯ ಮುಂದೆ ಕೈಮುಗಿದು ನಿಂತನು.

"ಬುದ್ಧಿ, ಪಡುವಣದ ಎರಡು ಅಂಕಣ ಹೋಗೈತೆ. ಅದು ಉಳಿಯಾಕಿಲ್ಲ, ಬಿಚ್ಚಬೇಕು. ಮಿಕ್ಕ ಐದು ಗಟ್ಟಿಯಾಗೈತೆ. ಮಾಳಿಗೆ ನೀರು ಹೋಗೋ ದೋಣಿ ಮಣ್ಣು ಕಟ್ಟಿಕೊಂಡು ನೀರು ಒಳಕ್ಕೆ ಇಳೀತಾ ಐತೆ, ಅಷ್ಟೇಯ. ಆರು ತಿಂಗಳು ನಾಕು ಆಳು ಕೊಡಿ, ನಿಲ್ಲಿಸಿಕೊಡ್ತೀನಿ."

ಪ್ರಧಾನಿಯೊಡನೆ ಅಲ್ಲಿಗೆ ಬಂದಿದ್ದ ನಾಯಕನು ಅವನ ಕಡೆಗೆ ನೋಡಲಿಲ್ಲ. ಪ್ರಧಾನಿ ಕಟ್ಟೆಯ ಕಡೆಗೆ ತಿರುಗಿ, "ಕಟ್ಟಡ ಮುಟ್ಟಿದರೆ ಬೀಳುವಂತಿದೆ. ಇಳಿಸಿಬಿಡುವುದು ಪ್ರಜೆಗಳಿಗೆ ಕ್ಷೇಮ. ತಮ್ಮ ಅಭಿಪ್ರಾಯ?" ಎಂದು ಕೇಳಿದನು. ಶೆಟ್ಟಿಯ ಬಾಯಿ ತುಂಬ ಎಲೆಯಡಿಕೆಯಿತ್ತು. ಅವನು "ಹೂಂ" ಎಂದನು. ಪಟೇಲ ಹೂಂ ಎಂದನು. ತಿಮ್ಮರಸಯ್ಯ, ಆಗಲೇ ಓಲೆ ಬರೆದು ಮುಗಿಸಿದ್ದವನು, ತಲೆಯೆತ್ತದೆ ಹೂಂ ಎಂದನು. ದಳವಾಯಿಯೂ ಪುರೋಹಿತನೂ ಹಾಗೆಯೇ. ಒಬ್ಬನಾದರೂ ಒಂದು ಪೂರ್ತಿ ಮಾತು ಆಡುವಷ್ಟು ಶ್ರಮ ತೆಗೆದುಕೊಳ್ಳಲಿಲ್ಲ.

ಸಣ್ಣೀರಪ್ಪನಿಗೆ ತಡೆಯಲಾಗಲಿಲ್ಲ. "ದೊಡ್ಡವರು ಒಂದು ಮಾತು ಹೇಳಿ. ಒಳಗೆ ಎಷ್ಟು ಕಂಬ ಐತೆ?" ಎಂದು ಕೇಳಿದನು. ಐವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೂವತ್ತು ಇರಬಹುದೆಂದು ದಳವಾಯಿ ಗೊಣಗಿದನು. "ಹದಿನಾರು" ಎಂದನು ಸಣ್ಣೀರಪ್ಪ.

ಆಳಿನ ಬಾಯಿಂದ ಈ ಮಾತು ಕೇಳಿ ನಾಯಕನು ಕೆರಳಿದನು. ಅಷ್ಟು ಗಟ್ಟಿಯೆನ್ನುವವನು ಹೆಂಡತಿಯನ್ನು ಕಟ್ಟಿಕೊಂಡು ಮಳೆಗಾಲವಿಡೀ ಅದರೊಳಗೇ ವಾಸಮಾಡಲಿ. ಬಿದ್ದರೆ ಅವನ ಹಣೆಬರಹ, ನಿಂತರೆ ಆಮೇಲೆ ನೋಡೋಣವೆಂದು ಅಪ್ಪಣೆ ಮಾಡಿದನು. ಹೆದರಿ ಕಾಲಿಗೆ ಬೀಳುತ್ತಾನೆಂದು ಅವನು ಎಣಿಸಿದ್ದನು. ಸಣ್ಣೀರಪ್ಪ ಮನೆಗೆ ಹೋಗಿ ಹೆಂಡತಿ ದ್ಯಾಮವ್ವನಿಗೆ ವಿಷಯ ತಿಳಿಸಿದನು. ಆಕೆ, "ನೀನು ನೋಡಿದ್ದು ಸರಿಯಾಗಿ ನೋಡಿದ್ದೀಯಾ?" ಎಂದು ಕೇಳಿದಳು. ಅವನು ನೋಡಿದ್ದೇನೆಂದನು. ಆಕೆ ಬೀಸುವ ಕಲ್ಲನ್ನು ತಲೆಯ ಮೇಲೆ ಹೊತ್ತು ನಡೆದಳು.

ಆ ವರುಷ ಆರಿದ್ರಾ ಮಳೆ ಬಿಡದೆ ಹಿಡಿಯಿತು ಎನ್ನುತ್ತಾರೆ. ಮೊದಲ ದಿನಗಳಲ್ಲಿ ದ್ಯಾಮವ್ವ ಓಡಲು ಅನುವಾಗಲೆಂದು ಬಾಗಿಲ ಬಳಿಯೇ ಒಲೆ ಹೂಡಿದ್ದಳು. ಗಾಳಿಗೆ ಬೆಂಕಿ ನಿಲ್ಲದೆ ಅರ್ಧ ಬೆಂದ ಮುದ್ದೆಯನ್ನೇ ಇಬ್ಬರೂ ನುಂಗುತ್ತಿದ್ದರು. ಸಣ್ಣೀರಪ್ಪ ಬಂದ ಮರುದಿನವೇ ಮಾಳಿಗೆ ಹತ್ತಿ ದೋಣಿಯ ಮಣ್ಣು ಬಗೆದು ಹಾಕಿದ್ದನು. ಇಪ್ಪತ್ತು ವರುಷ ನಿಂತಿದ್ದ ನೀರು ಧೋ ಎಂದು ಹೊರಕ್ಕೆ ಹಾರಿತು, ಐದು ಅಂಕಣಗಳಲ್ಲಿ ಸೋರುವುದು ನಿಂತಿತು. ಪಡುವಣದ ಕಡೆ ಮಾತ್ರ ಆಗಾಗ ಒಂದೊಂದು ಕಲ್ಲು ಕಳಚಿ ದೊಪ್ಪನೆ ಬೀಳುತ್ತಿತ್ತು. ಆ ಸದ್ದಿಗೆ ದ್ಯಾಮವ್ವ ಬೆಚ್ಚಿ ಗಂಡನ ಮುಖ ನೋಡುವಳು, ಅವನು ಗೋಡೆಗೆ ಅಂಗೈಯಿಟ್ಟು ನಿಂತು ತಲೆಯಾಡಿಸುವನು. ಅವನಿಗೂ ಒಳಗೊಳಗೆ ಭಯವಿಲ್ಲದಿರಲಿಲ್ಲ. ತಾನು ತಪ್ಪಿದರೆ ಸಾಯುವವಳು ಆಕೆಯೂ ಹೌದೆಂಬುದು ಅವನನ್ನು ಕೊರೆಯುತ್ತಿತ್ತು. ಇವರಿಬ್ಬರು ಇರುವುದನ್ನು ಕಂಡು ಮಳೆಗೆ ಸಿಕ್ಕಿದ ಉಪ್ಪಿನ ವ್ಯಾಪಾರಿಗಳೂ ಎತ್ತು ಬಿಚ್ಚಿ ಒಳಗೆ ಬಂದರು. ಜ್ವರ ಹಿಡಿದ ಒಬ್ಬಳು ಮುದುಕಿ ಎಂಟು ದಿನ ಮಲಗಿದ್ದು ಎದ್ದು ಹೋದಳು. ಹಸ್ತ ಮಳೆ ಬರುವ ಹೊತ್ತಿಗೆ ದ್ಯಾಮವ್ವ ಒಲೆಯನ್ನು ನಡು ಅಂಕಣಕ್ಕೆ ತಂದುಕೊಂಡಿದ್ದಳು.

ಮಳೆ ಕಳೆದ ಮೇಲೆ ಸಣ್ಣೀರಪ್ಪ ಅರಮನೆಗೆ ಹೋಗಿ, "ಬದುಕಿದ್ದೀವಿ ಬುದ್ಧಿ" ಎಂದು ಅರಿಕೆ ಮಾಡಿದನು. ನಾಯಕನು ಮೋಸಹೋದವನಂತೆ ಮುಖ ಗಂಟಿಕ್ಕಿದನು. ಪ್ರಧಾನಿ ಮಾತ್ರ ಅಳುಕಲಿಲ್ಲ. "ಬೀಳುತ್ತದೆಯೋ ಇಲ್ಲವೋ ಎಂಬುದು ಈಗ ಪ್ರಶ್ನೆಯಲ್ಲ. ಇಳಿಸುವುದೆಂದು ಐವರು ಒಪ್ಪಿ ಓಲೆಯಾಗಿದೆ. ಓಲೆ ಸುಳ್ಳಾಗಲು ಬರುವುದಿಲ್ಲ" ಎಂದನು. ಅಂದೇ ಸಣ್ಣೀರಪ್ಪನಿಗೆ ಎಲ್ಲವೂ ತಿಳಿದುಹೋಯಿತು. ಇವರಿಗೆ ಬೇಕಾಗಿದ್ದುದು ಅವನ ಪರೀಕ್ಷೆಯೂ ಅಲ್ಲ, ಅವನ ಮಳೆಗಾಲವೂ ಅಲ್ಲ. ಕೆಡಹುವ ಆಳುಗಳಿಗೆ ಮೇಸ್ತ್ರಿಯಾಗೆಂದು ಕರೆದರು. ಅವನು ಒಲ್ಲೆನೆಂದು ಹೇಳಿ, ಬೀಸುವ ಕಲ್ಲನ್ನು ತಾನೇ ಹೊತ್ತುಕೊಂಡು ಹೆಂಡತಿಯೊಡನೆ ಮನೆಗೆ ಹೋದನು.

ಕೆಡಹುವ ಕೆಲಸ ಸಂಭ್ರಮದಿಂದ ಆರಂಭವಾಯಿತು. ಪಡುವಣದ ಎರಡು ಅಂಕಣಗಳು ಮಧ್ಯಾಹ್ನದೊಳಗೆ ಉರುಳಿದವು. ಐವರು ಗಣ್ಯರು ಕಟ್ಟೆಯ ಮೇಲೆ ಕುಳಿತು ನೋಡಿದರು, ಸಕ್ಕರೆ ಹಂಚಿಸಿದರು, ತಮ್ಮ ದೂರದೃಷ್ಟಿಯನ್ನು ತಾವೇ ಕೊಂಡಾಡಿಕೊಂಡರು. ಮರುದಿನ ಮೂರನೆಯ ಅಂಕಣಕ್ಕೆ ಹಾರೆ ಹಾಕಿದರು. ಹಾರೆ ಬಾಗಿತು. ನಲವತ್ತು ಆಳುಗಳು ಹನ್ನೆರಡು ದಿನ ಗುದ್ದಿದರು. ಕಲ್ಲಿನ ಮೈ ಅಲ್ಲಲ್ಲಿ ಬಿಳುಪೇರಿತೇ ಹೊರತು ಒಂದು ತೊಲೆ ಜರುಗಲಿಲ್ಲ. ದಿಬ್ಬಣ ಬರಲು ಇನ್ನು ನಾಲ್ಕೇ ದಿನ ಉಳಿದಿತ್ತು. ನಾಯಕನು ಕುದುರೆಯೇರಿ ಬಂದು ನೋಡಿದನು. ಮುರುಕು ಗೋಡೆ, ಕಲ್ಲಿನ ರಾಶಿ, ಧೂಳು. ಬೀಗರು ಮೊದಲು ಕಂಡದ್ದಕ್ಕಿಂತ ಹತ್ತುಪಟ್ಟು ಅಸಹ್ಯ. ಅವನ ಸಿಟ್ಟು ತಿರುಗಬಾರದ ಕಡೆಗೆ, ಎಂದರೆ ಸರಿಯಾದ ಕಡೆಗೇ, ತಿರುಗಿತು.

"ಮುಟ್ಟಿದರೆ ಬೀಳುತ್ತದೆಂದು ಒಪ್ಪಿದವರು ನೀವೇ ತಾನೆ? ಏಳಿ, ಮುಟ್ಟಿ!" ಎಂದು ಕಟ್ಟೆಯ ಕಡೆ ಕೂಗಿದನು.

ಮೂರನೆಯ ಅಂಕಣದ ತೊಲೆಗೆ ಮಿಣಿ ಬಿಗಿಸಿ, ಅದರ ತುದಿಯನ್ನು ಆ ಐವರ ಕೈಗೆ ಕೊಡಿಸಿದನು. ಶೆಟ್ಟಿಯ ರೇಷ್ಮೆಯ ಅಂಚು ಧೂಳಿನಲ್ಲಿ ಎಳೆದಾಡಿತು. ಮಡಿಯ ಪುರೋಹಿತ ಹಿಕ್ಕೆಯ ಮೇಲೆಯೇ ಕಾಲೂರಿದನು. ಸುದ್ದಿ ತಿಳಿದು ಇಡೀ ಊರು ಬಂದು ಸುತ್ತ ನೆರೆದಿತ್ತು. ಗುಂಪಿನಲ್ಲಿ ದ್ಯಾಮವ್ವನೂ ಇದ್ದಳು. ಐವರೂ ಒಮ್ಮೆ ಎಳೆದು ಏದುಸಿರು ಬಿಡುವಾಗ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಸುಮ್ನೆ ಎಳೆದರೆ ಹೆಂಗ್ರಪ್ಪಾ? ಹೂಂ ಅನ್ನಿ! ಅವತ್ತು ಹೂಂ ಅಂದಿದ್ದಕ್ಕೇ ಬಿದ್ದೋಗಿತ್ತಲ್ಲ!"

ಗುಂಪಿನಲ್ಲಿ ಯಾರೋ "ಹೂಂ" ಎಂದರು. ಇನ್ನೊಬ್ಬರೆಂದರು. ಐವರು ಮತ್ತೆ ಮಿಣಿ ಎಳೆದಾಗ ಊರಿಗೆ ಊರೇ ಒಂದೇ ದನಿಯಲ್ಲಿ "ಹೂಂ!" ಎಂದಿತು. ಮಿಣಿ ಫಟ್ಟನೆ ಹರಿಯಿತು. ಗಣ್ಯರು ಒಬ್ಬರ ಮೇಲೊಬ್ಬರು ಹಿಂದಕ್ಕೆ ಉರುಳಿದರು. ನಮ್ಮ ತಿಮ್ಮರಸಯ್ಯ ಎಲ್ಲರಿಗಿಂತ ಕೆಳಗೆ ಸಿಕ್ಕಿದ್ದನು. ಅಂದಿನಿಂದ ಆ ಐವರಲ್ಲಿ ಯಾರು ಬೀದಿಗೆ ಬಂದರೂ ಜಗಲಿಯ ಮೇಲಿನಿಂದ ಹೂಂ ಎಂಬ ದನಿ ಕೇಳುತ್ತಿತ್ತು, ಕಟ್ಟೆಗೂ ಅದೇ ಹೆಸರಾಯಿತು.

ದಿಬ್ಬಣ ಬಂದ ದಿನ ನಾಯಕನು ಮುಖ ಮರೆಸಿಕೊಳ್ಳುವಂತಾಗಿದ್ದನು. ಆದರೆ ನಾಲಾಯಕರಿಗೂ ಕಾಲ ಒಮ್ಮೊಮ್ಮೆ ಕೂಡಿಬರುತ್ತದೆ. ಕಣಿವೆ ಇಳಿಯುತ್ತಿದ್ದಂತೆ ಬೇವಿನಗುಡ್ಡದವರ ಮೇಲೆ ಆಲಿಕಲ್ಲಿನ ಮಳೆ ಸುರಿಯಿತು. ಅವರು ಹೆಂಗಸರು ಮಕ್ಕಳೊಡನೆ ಓಡಿಬಂದು ಉಳಿದಿದ್ದ ಐದು ಅಂಕಣಗಳಲ್ಲಿ ನಿಂತರು. ಮೇಲಿನಿಂದ ಒಂದು ಹನಿ ಸೋರಲಿಲ್ಲ. ತೆರೆದುಹೋಗಿದ್ದ ಪಡುವಣದ ಬಾಯಿಂದ ಮಾತ್ರ ಎರಚಲು ಬಡಿಯಿತು. ಜೀರ್ಣವಾದ ಭಾಗವನ್ನಷ್ಟೇ ತೆಗೆಸಿ ಗಟ್ಟಿಯಾದುದನ್ನು ಉಳಿಸಿಕೊಂಡ ವಿವೇಕಕ್ಕೆ ಬೀಗರು ನಾಯಕನನ್ನು ಬಾಯಿತುಂಬ ಹೊಗಳಿದರು. ಅವನು ತಲೆಬಾಗಿ ಹೊಗಳಿಕೆಯನ್ನು ಒಪ್ಪಿಕೊಂಡನು. ಮದುವೆ ಮುಗಿದ ಮೇಲೆ, ತೆರೆದ ಕಡೆಯನ್ನು ಮುಚ್ಚಿಕೊಡೆಂದು ಸಣ್ಣೀರಪ್ಪನಿಗೆ ಹೇಳಿಕಳಿಸಿ, ಜೊತೆಗೆ ಒಂದು ಪಟ್ಟೆಯ ಶಾಲನ್ನೂ ಕಳಿಸಿದನು. ನಾಯಕನಿಗಾಗಿ ಮಾಡಬೇಡವೆಂದು ದ್ಯಾಮವ್ವ ಸಿಡುಕಿದಳು. "ಅವನಿಗ್ಯಾಕೆ ಮಾಡ್ಲಿ? ಉಪ್ಪಿನೋರು ಬರೋ ಹೊತ್ತಾಯ್ತು" ಎಂದು ಅವನು ಸಾಮಾನು ಎತ್ತಿಕೊಂಡನು. ಬಿದ್ದ ಅಂಕಣಗಳ ಕಲ್ಲುಗಳನ್ನೇ ಆಯ್ದು ಎರಡು ತಿಂಗಳಲ್ಲಿ ಗೋಡೆ ಎಬ್ಬಿಸಿದನು. ಪಟ್ಟೆಯ ಶಾಲಿನಲ್ಲಿ ಸುಣ್ಣ ಸೋಸಿದನು ಎನ್ನುತ್ತಾರೆ.

ಇಂದಿಗೂ ಛತ್ರದ ಬಾಗಿಲ ಬಲಕ್ಕೆ ಒಂದು ಶಾಸನವಿದೆ. ಚಿಕ್ಕರಂಗಪ್ಪ ನಾಯಕರು ತಮ್ಮ ಹಿರಿಯರ ಧರ್ಮವನ್ನು ಉದ್ಧಾರ ಮಾಡಿಸಿದರೆಂದು ಅದು ಸಾರುತ್ತದೆ. ಕೆಳಗೆ, ಇದಕ್ಕೆ ಒಡಂಬಟ್ಟವರೆಂದು ಐದು ಹೆಸರುಗಳು. ಅಕ್ಷರಗಳು ಮುತ್ತು ಪೋಣಿಸಿದಂತಿವೆ. ನಮ್ಮ ಮನೆತನದ ಕೈಬರಹ ಯಾವಾಗಲೂ ಚೆನ್ನ. ಬಂದವರು ಅದರ ಮುಂದೆ ನಿಂತು ಭಕ್ತಿಯಿಂದ ಓದುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಸಿಲು ಇಳಿಮುಖವಾಗಿ ಪಡುವಣದಿಂದ ಹೊಡೆಯತೊಡಗಿದಾಗ ಒಳಕ್ಕೆ ಹೋಗಿ, ಹೊಂದದ ಕಲ್ಲುಗಳಿಂದ ಎದ್ದ ಆ ಒರಟು ಗೋಡೆಯ ನೆರಳಿಗೆ ಸರಿದು, ಅದಕ್ಕೇ ಬೆನ್ನು ಕೊಟ್ಟು ಬುತ್ತಿ ಬಿಚ್ಚುತ್ತಾರೆ. ಅದರ ಮೇಲೆ ಓದಲು ಏನೂ ಇಲ್ಲ.