ನೂರಕ್ಕೆ ಎಂಟು ಅಂಕದ ಅಡುಗೆಯವನು

ಬೆಟ್ಟದಕೋಟೆಯ ಅರಸ ಮಹಾಬಲಭೂಪನಿಗೆ ಬೇಟೆಯ ಹುಚ್ಚಿರಲಿಲ್ಲ, ಯುದ್ಧದ ಹುಚ್ಚೂ ಇರಲಿಲ್ಲ. ಅವನಿಗಿದ್ದದ್ದು ಮೊಬೈಲಿನ ಬೇಸ್‌ಬಾಲ್ ಹುಚ್ಚು. ರಾಜರ ಕಾಲದಲ್ಲಿ ಮೊಬೈಲ್ ಎಲ್ಲಿತ್ತು ಅಂತ ಕೇಳಬೇಡಿ. ಕತೆ ಹೇಳುತ್ತಿರುವವನು ನಾನು, ಇತ್ತು ಅಂದರೆ ಇತ್ತು.

ಆ ಆಟದಲ್ಲಿ ರಾಜ ಬ್ಯಾಟು ಮುಟ್ಟುವ ಹಾಗಿಲ್ಲ. ಅವನು ತಂಡದ ಮಾಲೀಕ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರಿಗೆ ‘ಬಿಡುಗಡೆ’ ಅಂತ ಹೇಳಿ ಮನೆಗೆ ಕಳಿಸಬೇಕು ಅಂತ ಹೇಳುವುದಷ್ಟೇ ಅವನ ಕೆಲಸ. ಪಂದ್ಯವನ್ನು ಕಂಪ್ಯೂಟರೇ ಆಡಿ ಮುಗಿಸುತ್ತದೆ. ಒಬ್ಬೊಬ್ಬ ಆಟಗಾರನಿಗೂ ನೂರಕ್ಕೆ ಇಷ್ಟು ಅಂತ ಅಂಕ. ಎಳೆಯರನ್ನು ದಿನಾ ಆಡಿಸಿದರೆ ಅಂಕ ಏರುತ್ತದೆ, ಬೆಂಚಿನ ಮೇಲೆ ಕೂರಿಸಿದರೆ ಇದ್ದಲ್ಲೇ ಇರುತ್ತದೆ. ವಯಸ್ಸು ಮೂವತ್ತೈದು ದಾಟಿತೋ, ಜರ್ರನೆ ಇಳಿಯುತ್ತದೆ.

ಒಂದು ದಿನ ರಾಜನ ತಂಡ ಅಪ್ಪಿತಪ್ಪಿ ಗೆದ್ದುಬಿಟ್ಟಿತು. ಸಭೆಗೆ ಬಂದವನೇ ಮೀಸೆ ತಿರುವಿದ.

“ಮುದುಕರನ್ನೆಲ್ಲ ಕಿತ್ತೆ, ಹುಡುಗರನ್ನು ಹಾಕಿದೆ, ಗೆದ್ದೆ. ರಾಜ್ಯ ಆಳೋ ಗುಟ್ಟೂ ಇದೇ. ಇವತ್ತಿನಿಂದ ಅರಮನೆಯಲ್ಲೂ ಎಲ್ಲರಿಗೂ ಅಂಕ. ಮೊದಲು ಅಡುಗೆಮನೆ. ಅಡುಗೆಯ ಸಾವಂತ್ರಮ್ಮನಿಗೆ ವಯಸ್ಸೆಷ್ಟು?”

“ಅರವತ್ತರ ಮೇಲಾಯಿತು, ಪ್ರಭು,” ಅಂದ ಕೊಟ್ರಪ್ಪ. ಆಸ್ಥಾನದಲ್ಲಿ ರಾಜನ ಎದುರು ಬಾಯಿ ಬಿಡುವ ಧೈರ್ಯ ಇದ್ದವನು ಅವನೊಬ್ಬನೇ.

“ಆಟದಲ್ಲಾಗಿದ್ದರೆ ಅವಳ ಅಂಕ ಪಾತಾಳ ಸೇರಿರುತ್ತಿತ್ತು. ಬಿಡುಗಡೆ ಮಾಡಿ.”

“ಬೇಸ್‌ಬಾಲಿನಲ್ಲಿ ಓಡಬೇಕು ಪ್ರಭು. ಸಾರು ಕುದಿಸೋರು ಓಡಬೇಕಾಗಿಲ್ಲವಲ್ಲ.”

“ನಿಯಮ ಅಂದರೆ ನಿಯಮ. ಅವಳ ಜಾಗಕ್ಕೆ ಬೆಳೆಯೋ ಹುಡುಗನನ್ನು ನೀನೇ ಹುಡುಕು. ವಾರದೊಳಗೆ ಅಡುಗೆಮನೆಯ ಅಂಕ ಏರಬೇಕು. ಏರದಿದ್ದರೆ ನಿನಗೂ ಬಿಡುಗಡೆ.”

ಸಾವಂತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಈ ಒಲೆ ಊದ್ತಾ ಊದ್ತಾ ತಲೆ ನೆರೆಯಿತು ಕಣಪ್ಪ. ಗಂಡ ಇಲ್ಲ, ಮಕ್ಕಳಿಲ್ಲ. ಈಗ ಎಲ್ಲಿಗೆ ಹೋಗಲಿ?”

ಕೊಟ್ರಪ್ಪ ಅವಳ ಬಟ್ಟೆಯ ಗಂಟನ್ನು ಎತ್ತಿಕೊಂಡ. “ನಮ್ಮನೆಗೆ ಬನ್ನಿ ಸಾವಂತ್ರಮ್ಮನೋರೇ. ನಾಲ್ಕು ದಿನ ತಡೀರಿ, ರಾಜರೇ ಕರೆಸ್ತಾರೆ.”

ಮರುದಿನ ಅವನು ಗರಡಿಮನೆಯಿಂದ ದ್ಯಾವಣ್ಣ ಎಂಬ ಪೈಲ್ವಾನನನ್ನು ಹಿಡಿದು ತಂದ. ಹತ್ತೊಂಬತ್ತರ ವಯಸ್ಸು, ಬಾಗಿಲಿನಗಲ ಎದೆ. ಒಲೆಗೆ ಸೌದೆಯನ್ನು ಯಾವ ಕಡೆಯಿಂದ ಇಡುತ್ತಾರೆ ಅಂತ ಕೇಳಿಕೊಂಡೇ ಒಳಗೆ ಬಂದ.

“ಇವನ ಅಂಕ ಎಷ್ಟು?” ಅಂದ ರಾಜ.

“ಈಗ ಎಂಟು, ಪ್ರಭು.”

“ನೂರಕ್ಕೆ ಎಂಟೇ?”

“ಅದೇ ಇವನ ಹೆಚ್ಚುಗಾರಿಕೆ. ತೊಂಬತ್ತರವನು ಏರಿದರೆ ಎಷ್ಟು ಏರಿಯಾನು? ಬರೀ ಹತ್ತು. ಇವನಿಗೆ ತೊಂಬತ್ತೆರಡು ಏರೋಕೆ ಜಾಗ ಇದೆ.”

ರಾಜನ ಮುಖ ಅರಳಿತು. “ಭಲೇ. ಇವನನ್ನೇ ಆಡಿಸು.”

ಮಧ್ಯಾಹ್ನ ರಾಜ ಊಟಕ್ಕೆ ಕೂತ. ಒಂದು ತುತ್ತು ಬಾಯಿಗಿಟ್ಟವನೇ ಎಲೆಯನ್ನು ಬಗ್ಗಿ ನೋಡಿದ.

“ಕೊಟ್ರಪ್ಪ, ಇದೇನು?”

“ಬೇಳೆ ಸಾರು, ಪ್ರಭು.”

“ಬೇಳೆ ಬೆಂದೇ ಇಲ್ಲ. ಉಪ್ಪೂ ಇಲ್ಲ.”

“ಮೊದಲ ಪಂದ್ಯ ಅಲ್ಲವೇ. ಹುಡುಗನಿಗೆ ಕೈ ಕುದುರಬೇಕು.”

ಮರುದಿನ ಮುದ್ದೆ. ಮುರಿದರೆ ಒಳಗೆ ಹಸಿ ಹಿಟ್ಟು ಹಾಗೇ ಕೂತಿತ್ತು. ಜೊತೆಗಿದ್ದ ಸಾರನ್ನು ಬಾಯಿಗಿಟ್ಟ ರಾಜನ ಕಣ್ಣಲ್ಲಿ ನೀರು ಬಂತು.

“ಶುಭ ಸುದ್ದಿ ಪ್ರಭು,” ಅಂದ ಕೊಟ್ರಪ್ಪ. “ಎಂಟು ಇದ್ದದ್ದು ಹನ್ನೊಂದಾಗಿದೆ.”

“ಹೇಗೆ?”

“ನಿನ್ನೆ ಉಪ್ಪು ಮರೆತಿದ್ದ. ಇವತ್ತು ನೆನಪಿಟ್ಟುಕೊಂಡು ನಿನ್ನೇದನ್ನೂ ಸೇರಿಸಿ ಹಾಕಿದ್ದಾನೆ.”

“ಕೊಟ್ರಪ್ಪ, ನಾಳೆ ಒಂದು ದಿನ ಬೇರೆ ಯಾರಾದರೂ ಮಾಡಲಿ.”

“ಬೆಂಚಿಗೆ ಹಾಕಿದರೆ ಬೆಳವಣಿಗೆ ನಿಂತುಹೋಗುತ್ತೆ ಪ್ರಭು. ನಿಯಮ ಅಂದರೆ ನಿಯಮ.”

ರಾಜ ನೀರು ಕುಡಿದು ಎದ್ದ. ಆಸ್ಥಾನದವರಿಗೇನು ಚಿಂತೆ! ಮಧ್ಯಾಹ್ನವಾದರೆ ಸಾಕು, ಒಬ್ಬನಿಗೆ ಕೊಟ್ರಪ್ಪನ ಮನೆಯಲ್ಲಿ ಮಾತಾಡುವುದಿರುತ್ತಿತ್ತು, ಇನ್ನೊಬ್ಬನಿಗೆ ಅವನ ದನ ನೋಡುವುದಿರುತ್ತಿತ್ತು. ಬಂದವರು ತೇಗುತ್ತಾ ಸಭೆಗೆ ಮರಳುತ್ತಿದ್ದರು. ಅರಮನೆಯಲ್ಲಿ ಒಣಗುತ್ತಿದ್ದವನು ಮಾಲೀಕ ಒಬ್ಬನೇ.

ವಾರ ತುಂಬುವ ಮೊದಲೇ ದೂತನೊಬ್ಬ ಬಂದ. ನೆರೆಯ ರಾಜ ನಾಳೆ ಊಟಕ್ಕೆ ಬರುತ್ತಾನಂತೆ. ಮಹಾಬಲಭೂಪನ ಮುಖ ಬಿಳಿಚಿಕೊಂಡಿತು.

“ಈ ಸಾರು ಬಡಿಸಿದರೆ ಅವನು ಯುದ್ಧಕ್ಕೇ ಬರ್ತಾನೆ, ಕೊಟ್ರಪ್ಪ.”

“ಹೆದರಬೇಡಿ ಪ್ರಭು. ದೊಡ್ಡ ಪಂದ್ಯದಲ್ಲೇ ಎಳೆಯರು ಬೇಗ ಬೆಳೆಯೋದು. ಹೋಳಿಗೆ ಮಾಡ್ತೀನಿ ಅಂತ ದ್ಯಾವಣ್ಣ ಆಗಲೇ ತೊಡೆ ತಟ್ಟಿ ನಿಂತಿದ್ದಾನೆ.”

ಹೋಳಿಗೆ ಅಂದದ್ದೇ ತಡ, ರಾಜ ಸಿಂಹಾಸನದಿಂದ ಇಳಿದೇಬಿಟ್ಟ. “ಬೇಡ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಸಾವಂತ್ರಮ್ಮನನ್ನು ಕರೆಸು.”

“ಕಷ್ಟ, ಪ್ರಭು. ನೀವು ಬಿಟ್ಟ ಕೂಡಲೇ ಇನ್ನೊಂದು ತಂಡದವರು ಆಕೆಯನ್ನು ಸೇರಿಸಿಕೊಂಡುಬಿಟ್ಟರು.”

“ಯಾವ ತಂಡ?”

“ನಮ್ಮ ಮನೆ.”

ರಾಜ ಆಗ ಕೊಟ್ರಪ್ಪನನ್ನು ಸರಿಯಾಗಿ ನೋಡಿದ. ಕೆನ್ನೆ ತುಂಬಿಕೊಂಡಿತ್ತು, ಹೊಟ್ಟೆಯೂ ಒಂದಿಷ್ಟು ಮುಂದೆ ಬಂದಿತ್ತು.

“ಸರಿ,” ಅಂದ ರಾಜ ಹಲ್ಲು ಕಡಿಯುತ್ತಾ. “ಆಟದ ಪ್ರಕಾರವೇ ಹೋಗೋಣ. ಒಬ್ಬರನ್ನು ಕೊಟ್ಟು ಒಬ್ಬರನ್ನು ತಗೋಬಹುದು. ಮುದುಕಿಯನ್ನು ಕೊಡು, ದ್ಯಾವಣ್ಣನನ್ನು ತಗೋ. ಎಳೆಯ ಹುಡುಗ. ತೊಂಬತ್ತರಷ್ಟು ಏರೋಕೆ ಜಾಗ ಇದೆ.”

ಕೊಟ್ರಪ್ಪ ಎರಡೂ ಕೈ ಮುಗಿದ.

“ಬೇಡ ಪ್ರಭು. ನಮ್ಮನೇಲಿ ಆಟ ಆಡೋರು ಯಾರೂ ಇಲ್ಲ. ಎಲ್ಲಾ ಊಟ ಮಾಡೋರೇ.”

ರಾಜ ಸಿಟ್ಟು ಮಾಡಲು ಬಾಯಿ ತೆರೆದ, ಬಂದದ್ದು ನಗು. ಹಸಿದ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಕದ ನಿಯಮ ಅಲ್ಲೇ ರದ್ದಾಯಿತು. ಕೊಟ್ರಪ್ಪನ ಮನೆ ಬಾಗಿಲಿಗೆ ಪಲ್ಲಕ್ಕಿ ಹೋಯಿತು. ದ್ಯಾವಣ್ಣ ಯಾರೂ ಹೇಳುವ ಮೊದಲೇ ಗರಡಿಗೆ ಓಡಿದ.

ಸಾವಂತ್ರಮ್ಮ ಅಡುಗೆಮನೆಗೆ ಕಾಲಿಟ್ಟು, ತಳ ಸೀದುಹೋದ ಪಾತ್ರೆಗಳನ್ನು ನೋಡಿದವಳೇ ಬೈಯಲು ಶುರುಮಾಡಿದಳು. ಹೊರಗೆ ಎಲೆ ಹಾಕಿಸಿಕೊಂಡು ಕೂತಿದ್ದ ರಾಜನಿಗೆ ಆ ಬೈಗುಳ ಕೇಳಿಯೇ ಅರ್ಧ ಹೊಟ್ಟೆ ತುಂಬಿತು.