ಜರ್ಮನ್ ಕತ್ತಿಯ ವಯಸ್ಸು

ಮೈಸೂರಿನ ಚೆಲುವರಾಜ ಅರಸರಿಗೆ ಹಳೇ ಜರ್ಮನ್ ಸೈನಿಕರ, ಪೊಲೀಸರ ಕತ್ತಿ ಕೂಡಿಡುವ ಹುಚ್ಚು. ಗೋಡೆಯ ಮೇಲೆ ಹನ್ನೆರಡಿದ್ದವು. ಮನೆಗೆಲಸದ ಪುಟ್ಟಸಿದ್ದಮ್ಮ ಒಂದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಟ್ಟಳು.

ಅರಸರು ಕೂಗಾಡಿದರು. “ಆ ತುಕ್ಕೇ ಕತ್ತಿಯ ಬೆಲೆ ಕಣೇ, ನೂರು ವರ್ಷದ ವಯಸ್ಸನ್ನೇ ತೊಳೆದುಹಾಕಿದೆಯಲ್ಲೇ! ಭಾನುವಾರ ಪರೀಕ್ಷೆಗೆ ತಜ್ಞರು ಬರುತ್ತಾರೆ. ಅಷ್ಟರಲ್ಲಿ ಅದು ವಾಪಸ್ ಬರದಿದ್ದರೆ ನಿನ್ನ ಕೆಲಸ ಹೋಯ್ತು!”

“ಆಗಲಿ ಬುದ್ಧಿ,” ಎಂದಳು. ಉಪ್ಪಿನಕಾಯಿ ರಸದಲ್ಲಿ ಅದ್ದಿದ ಬಟ್ಟೆಯನ್ನು ಕತ್ತಿಗೆ ಸುತ್ತಿ ಹಿತ್ತಲಲ್ಲಿಟ್ಟಳು.

ಭಾನುವಾರ ತಜ್ಞರು ಆ ಕತ್ತಿಗೆ ಹೊಸದಾಗಿ ಹಿಡಿದಿದ್ದ ತುಕ್ಕು ನೋಡಿದರು, ಮೂಸಿದರು, ಕಣ್ಣು ಮುಚ್ಚಿದರು. “ಆಹಾ, ರಣರಂಗದ ವಾಸನೆ! ಇದೊಂದೇ ಅಸಲಿ. ಉಳಿದ ಹನ್ನೊಂದರ ಮೇಲೆ ನನಗೆ ಅನುಮಾನ.”

ಸಂಜೆ ಅರಸರೇ ಹನ್ನೊಂದು ಕತ್ತಿ ಹೊತ್ತು ಹಿತ್ತಲಿಗೆ ಬಂದರು.

ಪುಟ್ಟಸಿದ್ದಮ್ಮ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದಳು. “ನೂರು ವರ್ಷ ಸಾಕಾ ಬುದ್ಧಿ, ಇನ್ನೂರು ಮಾಡ್ಲಾ?”