ಕಸಿಯವನ ಚಾಕು

"ಬುದ್ಧಿ, ನಿಜವನ್ನು ಕೇಳುವ ಮೊದಲೇ ಹೇಳಬೇಕೋ, ಕೇಳಿದ ಮೇಲೆ ಹೇಳಬೇಕೋ?" ಎಂದು ಶಿಷ್ಯ ಮರುಳಸಿದ್ಧ ಗುರುಗಳನ್ನು ಕೇಳಿದ. "ನಿನ್ನೆ ಅಣ್ಣನ ಮನೆಗೆ ನಾನಾಗಿಯೇ ಹೋಗಿ, 'ನಿನ್ನ ಮೇಲೆ ನನಗೆ ಸಿಟ್ಟಿಲ್ಲ' ಎಂದೆ. ಅವನು ಬಾಗಿಲು ಹಾಕಿಕೊಂಡ. ನನಗೆ ಏನೂ ತಿಳಿಯುತ್ತಿಲ್ಲ."

"ತಿಳಿಯದವನು ನೀನೊಬ್ಬನೇ ಅಲ್ಲ, ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕಸಿ ಕಟ್ಟುವವನಿದ್ದ. ರಸ್ತೆ ಅಗಲ ಮಾಡಲು ಒಂದು ಹಳೆಯ ಮಾವಿನ ಮರವನ್ನು ಕಡಿದರು. ಆ ಜಾತಿಯ ಮರ ಬೇರೆಲ್ಲೂ ಇರಲಿಲ್ಲ. ಸುದ್ದಿ ತಿಳಿದು ಅವನು ಓಡಿಹೋದ. ಉರುಳಿದ ಮರದಿಂದ ಎಳೆಯ ಕಡ್ಡಿಗಳನ್ನು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಕೂಟರ್ ಏರಿದ. ಅವು ಒಣಗುವುದರೊಳಗೆ ತೋಟ ಸೇರಿ ಸಸಿಗಳಿಗೆ ಕಟ್ಟಬೇಕು. ಇಲ್ಲದಿದ್ದರೆ ಆ ಹಣ್ಣು ಅಲ್ಲಿಗೆ ಮುಗಿಯಿತು.

ದಾರಿಯಲ್ಲಿ ಪೊಲೀಸ್ ಪೇದೆಯೊಬ್ಬ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಕಸಿಯವನ ಹತ್ತಿರ ಲೈಸೆನ್ಸ್ ಇತ್ತು, ತಲೆಯ ಮೇಲೆ ಹೆಲ್ಮೆಟ್ ಇತ್ತು, ಜೇಬಿನಲ್ಲಿ ಕಸಿ ಕಟ್ಟುವ ಮಡಿಸುವ ಚಾಕು ಇತ್ತು. ಕಸುಬಿನ ಚಾಕು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ನಮ್ಮ ಕಸಿಯವನು ಮಹಾ ಪ್ರಾಮಾಣಿಕ. ಪೇದೆ ಬಾಯಿ ತೆರೆಯುವ ಮೊದಲೇ "ಸಾರ್, ನನ್ನ ಹತ್ರ ಒಂದು ಚಾಕು ಐತೆ" ಎಂದ. ಹೇಳುತ್ತಲೇ ಜೇಬಿಗೆ ಕೈ ಹಾಕಿ ತೆಗೆದ.

ಅವರ ಕಸುಬಿನಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂಬ ನಂಬಿಕೆ. ಅಲಗು ಕಾಣುವಂತೆ ಬಿಚ್ಚಿ ನೆಲದ ಮೇಲಿಡುತ್ತಾರೆ, ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಪೇದೆಯ ಜೊತೆ ಜಗಳ ಯಾಕೆ ಎಂದುಕೊಂಡು ಇವನೂ ಅಲಗು ಬಿಚ್ಚಿ, ಅವನ ಕಾಲಿನ ಕಡೆಗೆ ಬಗ್ಗಿದ.

ಪೇದೆ ಹಿಂದಕ್ಕೆ ಹಾರಿ ಲಾಠಿ ಬೀಸಿದ. ಕಸಿಯವನ ಮಣಿಕಟ್ಟಿಗೆ ಪೆಟ್ಟು ಬಿತ್ತು. ಅವನನ್ನು ರಸ್ತೆಬದಿಯಲ್ಲಿ ಕೂರಿಸಿದ್ದಾಯಿತು. ಗಂಟು ಬಿಚ್ಚಿ ನೋಡಿ, ಕಡ್ಡಿಗಳನ್ನು ಬಿಸಿಲಲ್ಲೇ ಬಿಟ್ಟಿದ್ದಾಯಿತು.

"ಚಾಕು ಇಟ್ಕೊಳ್ಳೋದು ತಪ್ಪಾ ಸಾರ್?" ಎಂದು ಕಸಿಯವನು ಕೇಳಿದ.

"ತಪ್ಪಲ್ಲ."

"ಮುಚ್ಚಿಟ್ನಾ? ನಾನೇ ಮೊದಲು ಹೇಳ್ಲಿಲ್ವಾ?"

ಪೇದೆ ತಲೆ ಕೆರೆದುಕೊಂಡ. "ಹೇಳಿದ್ಯಾ? ನಂಗೆ ಕೇಳಿಸ್ಲೇ ಇಲ್ಲ ಕಣಯ್ಯ. ನಾನು ನಿನ್ನ ಕೈ ನೋಡ್ತಾ ಇದ್ದೆ."

ಬಿಡುವುದೋ ಹಿಡಿಯುವುದೋ ಅವನಿಗೂ ತಿಳಿಯಲಿಲ್ಲ. ಸಾಹೇಬರು ಬರಲಿ ಎಂದ. ಸಾಹೇಬರು ಸಂಜೆ ಬಂದು, ಚಾಕುವನ್ನು ನೋಡಿ, ಇವನನ್ನು ಯಾಕೆ ಕೂರಿಸಿದ್ದೀರಿ ಎಂದು ಗದರಿ ಬಿಡಿಸಿದರು. ಅಷ್ಟರಲ್ಲಿ ಕಡ್ಡಿಗಳು ಒಣಗಿ ಮುಟ್ಟಿದರೆ ಮುರಿಯುತ್ತಿದ್ದವು. ಉರುಳಿದ ಮರವನ್ನೂ ಕಡಿದು ಸಾಗಿಸಿಯಾಗಿತ್ತು. ಕಸಿಯವನು ಅವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಅತ್ತ. ಆ ಹಣ್ಣನ್ನು ಮತ್ತೆ ಯಾರೂ ತಿನ್ನಲಿಲ್ಲ.

ಮರುಳಸಿದ್ಧನಿಗೆ ಗೊಂದಲ ಇನ್ನೂ ಹೆಚ್ಚಾಯಿತು. "ಹಾಗಾದರೆ ಪೇದೆ ಕೇಳುವ ತನಕ ಅವನು ಸುಮ್ಮನಿರಬೇಕಿತ್ತೇ, ಬುದ್ಧಿ?"

"ಅದಿರಲಿ, ಅಣ್ಣನ ಎದುರು ನನಗೆ ಸಿಟ್ಟಿಲ್ಲ ಎಂದೆಯಲ್ಲ, ಆಗ ನಿನ್ನ ಕೈ ಹೇಗಿತ್ತು?" ಎಂದರು ಗುರುಗಳು.

ಮರುಳಸಿದ್ಧ ತೊಡೆಯ ಮೇಲಿದ್ದ ತನ್ನ ಬಿಗಿದ ಮುಷ್ಟಿಯನ್ನು ನೋಡಿಕೊಂಡ.